ಹನ್ನೆರಡು ಸೆಕೆಂಡಿನಲ್ಲಿ ಇಪ್ಪತ್ತು ಡೆಸ್ಕ್‌ಟಾಪ್

ಸಿಂಧನೂರಿನಲ್ಲಿ ನನ್ನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿ ಶಿವಲೀಲಾಳದು. ನನ್ನ ಅಭಿಪ್ರಾಯದ ಪ್ರಕಾರ ಕಂಪ್ಯೂಟರ್ ವಿಷಯದಲ್ಲಿ ಮಸ್ಕಿಯಿಂದ ಈಚೆಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಅವಳ ಅಭಿಪ್ರಾಯ ಏನೆಂದು ಕೇಳಬೇಡಿ, ಕಥೆ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ನಾವಿಬ್ಬರೂ ಸೇರಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇವೆ. ಅಲ್ಲಿ ಇಪ್ಪತ್ತು ಪರದೆ, ಇಪ್ಪತ್ತು ಕೀಬೋರ್ಡು ಇವೆ. ಆದರೆ ಕಂಪ್ಯೂಟರ್ ಒಂದೇ! ಹಿಂದಿನ ಕೋಣೆಯಲ್ಲಿರುವ ಸರ್ವರ್ ಅದು. ವಿದ್ಯಾರ್ಥಿಗಳು ಪರದೆಯ ಮೇಲೆ ನೋಡುವ ಡೆಸ್ಕ್‌ಟಾಪುಗಳೆಲ್ಲ ನಿಜವಾಗಿ ಇರುವುದು ಸರ್ವರಿನ ಹೊಟ್ಟೆಯಲ್ಲಿ. ವರ್ಚುವಲ್ ಡೆಸ್ಕ್‌ಟಾಪ್ ಎಂದು ಇದಕ್ಕೆ ಹೆಸರು. ಒಂದೇ ಒಲೆಯ ಮೇಲೆ ಇಪ್ಪತ್ತು ಮಂದಿಗೆ ರೊಟ್ಟಿ ಸುಟ್ಟ ಹಾಗೆ ಎಂದು ನಾನು ಹೊಸ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ತೊಂದರೆ ಇದ್ದದ್ದೂ ಆ ಒಲೆಯಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತು ಮಂದಿ ಒಟ್ಟಿಗೆ ಬಟನ್ ಒತ್ತಿದರೆ ಸರ್ವರಿನೊಳಗಿನ ಹಾರ್ಡ್ ಡಿಸ್ಕ್ ಕಟಕಟನೆ ಹಲ್ಲು ಕಡಿಯಲು ಶುರು ಮಾಡುತ್ತಿತ್ತು. ಜವಳಗೇರಾದಿಂದ ಬರುವ ರೇಣುಕಾ ಬಟನ್ ಒತ್ತಿ, ಡಬ್ಬಿ ಬಿಚ್ಚಿ, ರೊಟ್ಟಿ ತಿಂದು, ಕೈತೊಳೆದು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು!

ಈ ರೇಣುಕಾಳಿಂದಲೇ ನನಗೆ ಹುರುಪು ಬಂದದ್ದು. ಕಂಪ್ಯೂಟರ್ ಪರೀಕ್ಷೆ ಬರೆಯಲು ನಮ್ಮ ವಿದ್ಯಾರ್ಥಿಗಳು ಲಿಂಗಸುಗೂರಿಗೆ ಹೋಗಬೇಕಿತ್ತು. ಹೋದ ವರ್ಷ ಅವಳು ಜವಳಗೇರಾದಿಂದ ಒಂದು ಬಸ್ಸು, ಸಿಂಧನೂರಿನಿಂದ ಇನ್ನೊಂದು ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿತ್ತು. ಬಂದು ನನ್ನ ಮುಂದೆ ಗಳಗಳನೆ ಅತ್ತುಬಿಟ್ಟಳು.

"ಸರ್, ಈ ಸಲಾನೂ ಪರೀಕ್ಷೆ ಲಿಂಗಸುಗೂರಾಗೇ ಅಂದ್ರ ನಮ್ಮಪ್ಪ ಕಳಸಂಗಿಲ್ಲಂತ್ರೀ. ಸಾಕು ಮಾಡು ಅಂದಾನ."

ನಮ್ಮ ಕೇಂದ್ರಕ್ಕೇ ಪರೀಕ್ಷಾ ಕೇಂದ್ರದ ಮಾನ್ಯತೆ ತರುತ್ತೇನೆ ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಅರ್ಜಿ ಹಾಕಿದೆ. ತಪಾಸಣೆಗೆ ಬರುತ್ತೇವೆಂದು ಉತ್ತರವೂ ಬಂತು. ಅದರಲ್ಲೊಂದು ಷರತ್ತು: ಅಧಿಕಾರಿ ಹೇಳಿದ ಐದು ನಿಮಿಷದೊಳಗೆ ಇಪ್ಪತ್ತೂ ಡೆಸ್ಕ್‌ಟಾಪ್ ತೆರೆದಿರಬೇಕು. ನಮ್ಮವು ತೆರೆಯಲು ಅರ್ಧ ತಾಸು ಬೇಕಿತ್ತು!

ಓಡಿದೆ ಲಿಂಗಸುಗೂರಿಗೆ. ಅಲ್ಲಿಯ ಕಂಪ್ಯೂಟರ್ ಅಂಗಡಿಯವರು ನನ್ನ ಗೋಳು ಕೇಳಿ ನಕ್ಕರು.

"ಹಳೇ ಡಿಸ್ಕಿನ್ಯಾಗ ತಿರಗೋ ತಟ್ಟಿ ಇರ್ತಾವ್ರಿ, ಅದರ ಮ್ಯಾಲ ಓಡಾಡೋ ಒಂದು ಮುಳ್ಳು ಇರ್ತದ. ಇಪ್ಪತ್ತು ಮಂದಿ ಒಮ್ಮೆಲೇ ಕರದ್ರ ಪಾಪ, ಅದು ಯಾರ ಕಡೆ ಹೋಗಬೇಕ್ರಿ? ಫ್ಲ್ಯಾಶ್ ಡಿಸ್ಕ್ ಹಾಕ್ರಿ. ತಿರಗೋದು ಇಲ್ಲ, ಓಡೋದು ಇಲ್ಲ. ಕೇಳಿದ್ದು ಕೇಳಿದಾಂಗ ಕೊಟ್ಟುಬಿಡ್ತದ."

ಫ್ಲ್ಯಾಶ್ ಡಿಸ್ಕನ್ನು ಕೊಂಡು, ಬಸ್ಸಿನಲ್ಲಿ ಎಳೆಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನಮ್ಮ ಪಕ್ಕದಲ್ಲಿ ಭತ್ತದ ವ್ಯಾಪಾರ ಮಾಡುವ ವೀರಭದ್ರಪ್ಪನವರ ಅಂಗಡಿಯಿದೆ. ಯಾವ ವಸ್ತುವನ್ನೂ ತೂಗಿ ನೋಡದೆ ಅವರು ನಂಬುವವರಲ್ಲ. ಡಬ್ಬಿ ಬಿಚ್ಚಿದೊಡನೆ ಡಿಸ್ಕನ್ನು ಎತ್ತಿಕೊಂಡು ಹೋಗಿ ತಕ್ಕಡಿಯ ಮೇಲಿಟ್ಟರು. ತಕ್ಕಡಿ ಅಲುಗಲಿಲ್ಲ!

"ಮಾಸ್ತರ, ನಿಮಗ ಟೋಪಿ ಹಾಕ್ಯಾರ. ಇದರಾಗ ಏನೂ ಇಲ್ಲ!"

"ತೂಕ ಇಲ್ದಿದ್ರೇನ್ರಿ, ವೇಗ ಐತಿ!" ಎಂದು ಕಸಿದುಕೊಂಡೆ.

ಇಲ್ಲಿ ನನ್ನದೊಂದು ಸಿದ್ಧಾಂತವನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ಹಳೆಯ ಡಿಸ್ಕನ್ನು ನಾವು ಚಾಲೂ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಬರೋಬ್ಬರಿ ರಾಹುಕಾಲದಲ್ಲಿ. ಅದು ಹುಟ್ಟಾ ಮಂದವಾದದ್ದು ಅದಕ್ಕೇ! ಹೊಸ ಡಿಸ್ಕಿಗೆ ಆ ಗತಿ ಬರಬಾರದು, ಯಾವ ಕಾರಣಕ್ಕೂ ರಾಹುಕಾಲದಲ್ಲಿ ಡೆಸ್ಕ್‌ಟಾಪ್ ತೆರೆಯಕೂಡದು ಎಂದು ಕಟ್ಟುನಿಟ್ಟಾಗಿ ಸಾರಿದೆ.

"ನಿಮಗ ರಾಹು ಎಲ್ಲಿಂದ ಗಂಟು ಬಿದ್ದನ್ರೀ?" ಎಂದಳು ಶಿವಲೀಲಾ. "ಡಿಸ್ಕ್ ಮಂದ ಆಗಿದ್ದು ಇಪ್ಪತ್ತು ಮಂದಿ ಒಮ್ಮೆಲೇ ಜಗ್ಗಿದ್ದಕ್ಕ. ಅಂಗಡಿಯವರು ನಿಮಗ ಅದನ್ನ ಹೇಳಿಲ್ಲೇನು?"

"ನೀ ಸುಮ್ನಿರು. ಅವರಿಗೆ ವ್ಯಾಪಾರ ಗೊತ್ತು, ನನಗ ಕಂಪ್ಯೂಟರ್ ಗೊತ್ತು."

ರವಿವಾರ ಬೆಳಗಿನಿಂದ ಸಂಜೆಯವರೆಗೆ ಸರ್ವರಿನೊಳಗೆ ತಲೆಯಿಟ್ಟು ಹೊಸ ಡಿಸ್ಕ್ ಕೂಡಿಸಿದೆ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿದೆ. ಮರುದಿನ ರಾಹುಕಾಲ ಕಳೆದದ್ದನ್ನು ಖಾತ್ರಿ ಮಾಡಿಕೊಂಡು, ವಿದ್ಯಾರ್ಥಿಗಳ ಮುಂದೆ ಸಣ್ಣದೊಂದು ಭಾಷಣ ಮಾಡಿದೆ. "ಇಂದಿನಿಂದ ಕಾಯುವ ಯುಗ ಮುಗಿಯಿತು! ಒತ್ತಿ!"

ಒತ್ತಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ರೇಣುಕಾ ನನ್ನ ಮುಖ ನೋಡಿ, ನಿಧಾನಕ್ಕೆ ಡಬ್ಬಿಗೆ ಕೈಹಾಕಿದಳು.

ಶಿವಲೀಲಾ ಹಿಂದಿನ ಕೋಣೆಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಹೊಸ ಡಿಸ್ಕಿನ್ಯಾಗ ನಿಮ್ಮ ತಮ್ಮನ ಮದುವಿ ವಿಡಿಯೋ ತುಂಬೀರಿ. ಹುಡುಗ್ಯಾರ ಡೆಸ್ಕ್‌ಟಾಪ್ ಎಲ್ಲಾ ಹಳೇದ್ರಾಗೇ ಅದಾವ್ರಿ!"

ಮದುವೆಯ ವಿಡಿಯೋ ಮಾತ್ರ ಮಿಂಚಿನ ವೇಗದಲ್ಲಿ ತೆರೆಯುತ್ತಿತ್ತು. ಅಕ್ಷತೆ ಬಿದ್ದದ್ದೇ ಕಾಣಿಸಲಿಲ್ಲ, ಅಷ್ಟು ಬೇಗ ತೆರೆಯಿತು ಎಂದು ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. ಯಾರೂ ನಗಲಿಲ್ಲ. ಶಿವಲೀಲಾ ವಿಡಿಯೋ ಹೊರಗೆ ಹಾಕಿ, ಡೆಸ್ಕ್‌ಟಾಪುಗಳನ್ನು ಹೊಸ ಡಿಸ್ಕಿಗೆ ತಂದಳು.

ಮಧ್ಯಾಹ್ನ ಮತ್ತೆ ಒತ್ತಿದರು. ಯಪ್ಪಾ! ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಹನ್ನೆರಡು ಎನ್ನುವಷ್ಟರಲ್ಲಿ ಇಪ್ಪತ್ತೂ ಪರದೆ ಝಗ್ ಎಂದು ತೆರೆದವು! ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ರೇಣುಕಾ ಡಬ್ಬಿ ಕೈಯಲ್ಲಿ ಹಿಡಿದೇ ಕುಣಿದಾಡಿದಳು. ವೀರಭದ್ರಪ್ಪನವರು ಓಡಿ ಬಂದು, "ಖರೇನರೀ ಮಾಸ್ತರ! ತೂಕಿಲ್ಲದ ಸಾಮಾನು ಇಷ್ಟು ಕೆಲಸ ಮಾಡ್ತದ?" ಎಂದು ನನ್ನ ಬೆನ್ನು ತಟ್ಟಿದರು. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಂದ್ ಮಾಡಿಸಿ ಮತ್ತೆ ತೆರೆಸಿದೆ. ಮತ್ತೆ ಬಂದ್, ಮತ್ತೆ ತೆರೆ! ಅವತ್ತು ಪಾಠವೇ ಆಗಲಿಲ್ಲ.

ತಪಾಸಣೆ ಶುಕ್ರವಾರಕ್ಕೆ ಗೊತ್ತಾಯಿತು. ಅಧಿಕಾರಿಗಳು ಲಿಂಗಸುಗೂರಿನಿಂದ ಹತ್ತು ಗಂಟೆಗೆ ಬರಬೇಕಿತ್ತು. ಒಂಬತ್ತಕ್ಕೇ ಇಪ್ಪತ್ತೂ ಡೆಸ್ಕ್‌ಟಾಪ್ ತೆರೆದು ಕೂತಿದ್ದೆವು. ಹತ್ತಾಯಿತು, ಬರಲಿಲ್ಲ. ಫೋನ್ ಮಾಡಿದರೆ, "ಮಸ್ಕಿಯೊಳಗ ಚಾ ಕುಡ್ಯಾಕತ್ತೀನ್ರಿ" ಎಂದರು.

ಆಗ ನನ್ನ ತಲೆಯಲ್ಲೊಂದು ಯೋಚನೆ ಹೊಳೆಯಿತು. ಮೊದಲೇ ತೆರೆದಿಟ್ಟದ್ದನ್ನು ತೋರಿಸಿದರೆ ಅದರಲ್ಲಿ ಮಜಾ ಏನಿದೆ? ಅವರ ಕಣ್ಣೆದುರಿಗೇ ಹನ್ನೆರಡು ಸೆಕೆಂಡಿನಲ್ಲಿ ತೆರೆಯಬೇಕು!

"ಎಲ್ಲಾ ಬಂದ್ ಮಾಡ್ರಿ!" ಎಂದೆ.

"ಯಾಕ್ರೀ? ತೆರದದ್ದು ತೆರದೇ ಇರಲಿ," ಎಂದಳು ಶಿವಲೀಲಾ. ನಾನು ಕೇಳಿದೆನೇ? ಇಪ್ಪತ್ತನ್ನೂ ಬಂದ್ ಮಾಡಿಸಿದೆ.

ಅಧಿಕಾರಿಗಳ ಜೀಪು ಬಂದು ನಿಂತಾಗ ಹತ್ತು ನಲವತ್ತು. ಎತ್ತರದ, ಮಾತು ಕಡಿಮೆಯ ಮನುಷ್ಯ. ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಫಾರ್ಮು ತೆಗೆದರು. ಗಡಿಯಾರ ನೋಡಿ ಬರೆದುಕೊಂಡರು. "ಹತ್ತು ನಲವತ್ಮೂರು. ಶುರು ಮಾಡ್ರಿ."

ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು, ರಾಹುಕಾಲ!

ರೇಣುಕಾಳ ಬೆರಳು ಬಟನ್ನಿನ ಹತ್ತಿರ ಹೋಗಿತ್ತು. ನಾನು ಒಂದೇ ಜಿಗಿತಕ್ಕೆ ಬಾಗಿಲ ಹಿಂದಿನ ಮೇನ್ ಸ್ವಿಚ್ ಎಳೆದುಬಿಟ್ಟೆ. ಸರ್ವರಿಗೆ ಬ್ಯಾಟರಿಯಿತ್ತು, ಅದಕ್ಕೇನೂ ಆಗಲಿಲ್ಲ. ಪರದೆಗಳು, ದೀಪ, ಫ್ಯಾನು ಎಲ್ಲವೂ ನಿಂತವು.

"ಕರೆಂಟ್ ಹೋತೇನ್ರಿ?" ಎಂದರು ಅಧಿಕಾರಿ.

"ಹೌದ್ರಿ ಸರ್. ನಮ್ಮ ಕಡೆ ಹಿಂಗೇ ನೋಡ್ರಿ!" ಎಂದೆ.

ಚಹಾ ತರಿಸಿದೆ. ಮಿರ್ಚಿ ಭಜಿ ತರಿಸಿದೆ. ಕುಡಿಯುವ ನೀರಿನ ವ್ಯವಸ್ಥೆ ತೋರಿಸಿದೆ, ಶೌಚಾಲಯ ತೋರಿಸಿದೆ, ಬೆಂಕಿ ಬಿದ್ದರೆ ಇರಲಿ ಎಂದು ಇಟ್ಟ ಮರಳಿನ ಬಕೀಟನ್ನು ಎರಡು ಸಲ ತೋರಿಸಿದೆ. ಅಧಿಕಾರಿಗಳ ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಯಿತು. ವಿದ್ಯಾರ್ಥಿಗಳು ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹನ್ನೊಂದೂಕಾಲಿಗೆ ವೀರಭದ್ರಪ್ಪನವರು ಇಣುಕಿದರು.

"ಏನ್ ಮಾಸ್ತರ, ಸಾಹೇಬ್ರನ್ನ ಸೆಕಿಯೊಳಗ ಕುಂದರಿಸೀರಿ? ಫ್ಯಾನ್ ಹಚ್ಚರಿ! ನಮ್ಮಲ್ಲಿ ಕರೆಂಟ್ ಐತಲ್ಲ!"

ಅಧಿಕಾರಿಗಳು ನನ್ನ ಕಡೆ ನೋಡಿದರು. ನಾನು ಮರಳಿನ ಬಕೀಟಿನ ಕಡೆ ನೋಡಿದೆ.

"ಮೇನ್ ಬಿದ್ದಿರಬೇಕು, ತಡೀರಿ," ಎಂದು ಪುಣ್ಯಾತ್ಮ ವೀರಭದ್ರಪ್ಪನವರು ಬಾಗಿಲ ಹಿಂದೆ ಕೈಹಾಕಿದರು. ನಾನು ಹೋಗಿ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. "ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ!"

"ಯಾಕ್ರಿ?" ಎಂದರು ಅಧಿಕಾರಿ. ಶಿವಲೀಲಾ ಮುಂದೆ ಬಂದಳು.

"ಸರ್, ಇದರಾಗ ಹುಡುಗ್ಯಾರ ತಪ್ಪೇನೂ ಇಲ್ರಿ. ಡೆಸ್ಕ್‌ಟಾಪ್ ಹನ್ನೆರಡು ಸೆಕೆಂಡಿಗೆ ಓಪನ್ ಆಗ್ತಾವ. ಇವರಿಗೆ ರಾಹುಕಾಲ ಐತಿ, ಅದಕ್ಕ ಮೇನ್ ತೆಗದಾರ."

ರೇಣುಕಾಳ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನೇ ಸ್ವಿಚ್ ಹಾಕಿಬಿಡಬಹುದಿತ್ತು. ಆದರೆ ಅವಳಿಗಾಗಿ ತಂದ ಡಿಸ್ಕ್ ನನ್ನ ಕೈಯಿಂದಲೇ ಕೆಟ್ಟೀತೆಂಬ ಹೆದರಿಕೆಗೆ ಕೈ ಏಳಲಿಲ್ಲ!

"ಎಷ್ಟೊತ್ತಿಗೆ ಮುಗೀತದ್ರಿ?" ಎಂದು ಅಧಿಕಾರಿ ಶಾಂತವಾಗಿ ಕೇಳಿದರು.

"ಹನ್ನೆರಡಕ್ಕ್ರಿ ಸರ್," ಎಂದೆ.

ಅವರು ಎದ್ದು ಹೋಗಿ ವೀರಭದ್ರಪ್ಪನವರ ಅಂಗಡಿಯ ಫ್ಯಾನಿನ ಕೆಳಗೆ ಭತ್ತದ ಚೀಲಕ್ಕೆ ಒರಗಿ ಕೂತರು. ಸರಿಯಾಗಿ ಹನ್ನೆರಡಕ್ಕೆ ಬಂದರು. ಮೇನ್ ಹಾಕಿದೆ. ಹುಡುಗಿಯರು ಒತ್ತಿದರು. ಹನ್ನೆರಡೇ ಸೆಕೆಂಡ್, ಇಪ್ಪತ್ತೂ ತೆರೆದವು! ನಾನೊಬ್ಬನೇ ಚಪ್ಪಾಳೆ ಹೊಡೆದೆ.

ಹದಿನೈದು ದಿನಕ್ಕೆ ವರದಿಯ ಪ್ರತಿ ಬಂತು. ಶಿವಲೀಲಾ ಎಲ್ಲರೆದುರಿಗೆ ಜೋರಾಗಿ ಓದಿದಳು. "ಸೂಚನೆ ನೀಡಿದ ಬಳಿಕ ಡೆಸ್ಕ್‌ಟಾಪ್ ತೆರೆಯಲು ತೆಗೆದುಕೊಂಡ ಸಮಯ: ಒಂದು ಗಂಟೆ ಹದಿನೇಳು ನಿಮಿಷ. ಯಂತ್ರದಲ್ಲಿ ದೋಷ: ಇಲ್ಲ. ವಿಳಂಬಕ್ಕೆ ಕಾರಣ: ಮಾಲೀಕರು."

ರೇಣುಕಾ ತಲೆ ತಗ್ಗಿಸಿದಳು. ಆದರೆ ಕೆಳಗೆ ಇನ್ನೊಂದು ಸಾಲಿತ್ತು. "ಕೇಂದ್ರದ ಉಸ್ತುವಾರಿಯನ್ನು ಶ್ರೀಮತಿ ಶಿವಲೀಲಾ ಅವರಿಗೆ ವಹಿಸಿದಲ್ಲಿ ಮಾನ್ಯತೆ ನೀಡಬಹುದು."

ಹುಡುಗಿಯರು ಹೋ ಎಂದು ಕೂಗಿದ ಸದ್ದಿಗೆ ವೀರಭದ್ರಪ್ಪನವರು ತಕ್ಕಡಿ ಬಿಟ್ಟು ಓಡಿಬಂದರು. ನಾನು ಅಲ್ಲೇ ನಿಂತು ಸಹಿ ಹಾಕಿಕೊಟ್ಟೆ. ಮನಸ್ಸಿಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ರೇಣುಕಾ ನಗುತ್ತಿದ್ದಳು, ಅದನ್ನು ನೋಡಿ ಚುಚ್ಚಿದ್ದೂ ಮರೆತುಹೋಯಿತು.

ಪರೀಕ್ಷೆ ಶುಕ್ರವಾರವೇ ಬಂತು, ಅದೂ ಹತ್ತೂವರೆಗೆ! ಬೆಳಿಗ್ಗೆ ಎದ್ದೊಡನೆ ಶಿವಲೀಲಾ ನನ್ನ ಕೈಗೊಂದು ಚೀಲ ಕೊಟ್ಟು, ಮಸ್ಕಿಗೆ ಹೋಗಿ ಮೆಣಸಿನಕಾಯಿ ತರಲು ಹೇಳಿದಳು. ಮೆಣಸಿನಕಾಯಿ ಸಿಂಧನೂರಿನಲ್ಲಿ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಹತ್ತು ಮೂವತ್ತೊಂದಕ್ಕೆ ಮಸ್ಕಿಯ ಬಸ್ ನಿಲ್ದಾಣದಿಂದ ಫೋನ್ ಹಚ್ಚಿದೆ.

"ಲೀಲಾ, ಏನಾತು? ಡೆಸ್ಕ್‌ಟಾಪು..."

"ಎಲ್ಲಾ ಓಪನ್ ಆದ್ವು. ರೇಣುಕಾ ಬರ್ಯಾಕತ್ಯಾಳ."

"ಹಂಗಾದ್ರ ನಾ ಬರ್ಲೇನು?"

"ಬ್ಯಾಡ್ರಿ. ಎಲ್ಲಾ ಛಲೋ ನಡದೈತಿ. ನೀವು ಅಲ್ಲೇ ಇರ್ರಿ!"