ಎರಡು ಟ್ರಂಕು, ಒಂದು ಸಂದಿ

ಮೋಟಾರ್ ಸೈಕಲ್ಲಿನ ಮೇಲೆ ಸಾಮಾನು ಸಾಗಿಸುವುದು ಒಂದು ಶಾಸ್ತ್ರ. ಆ ಶಾಸ್ತ್ರದಲ್ಲಿ ನಾನು ಪಂಡಿತನೆಂದು ಇಡೀ ಭೇಲೂಪುರ ನಂಬಿದೆ ಎಂದು ನಾನು ನಂಬಿದ್ದೆ. ಇದು ಎಪ್ಪತ್ತರ ದಶಕದ ಮಾತು. ತುಮಕೂರಿನಿಂದ ಕಾಶಿಗೆ ವರ್ಗವಾಗಿ ಬಂದು, ಭೇಲೂಪುರದಲ್ಲಿ ಬಾಡಿಗೆ ಮನೆ ಹಿಡಿದು, ಯಾರೋ ಸಾಕಾಗಿ ಮಾರಿದ ಮೋಟಾರ್ ಸೈಕಲ್ ಒಂದನ್ನು ಕೊಂಡಿದ್ದೆ. ಒದ್ದು ಚಾಲೂ ಮಾಡಿದರೆ ಬೀದಿಯ ಪಾರಿವಾಳಗಳೆಲ್ಲ ಒಮ್ಮೆಗೇ ಹಾರುತ್ತಿದ್ದವು. ಅಂಥ ವಾಹನ ಬಾಗಿಲಲ್ಲಿ ನಿಂತಿರುವಾಗ ಮನುಷ್ಯನಿಗೆ ಪರೋಪಕಾರದ ಆಸೆ ಹುಟ್ಟದೆ ಇರುತ್ತದೆಯೇ?

ನನ್ನ ಉಪಕಾರಕ್ಕೆ ಸಿಕ್ಕವರು ತುಳಸಕ್ಕಜ್ಜಿ. ಗದಗಿನ ಹತ್ತಿರದ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡುತ್ತೇನೆಂದು ಸಂಕಲ್ಪ ಮಾಡಿ ಬಂದು, ಬಂಗಾಲಿ ಟೋಲಾದ ಯಾತ್ರಿಕರ ವಸತಿಯೊಂದರಲ್ಲಿ ಕಿಟಕಿಯಿಲ್ಲದ ಕೋಣೆ ಹಿಡಿದಿದ್ದರು. ಬಂದು ಎಷ್ಟೋ ವರ್ಷವಾದರೂ ಪ್ರಾಣ ಗಟ್ಟಿಯಾಗಿಯೇ ಇತ್ತು. ಮೊಣಕಾಲು ಮಾತ್ರ ಹೋಗಿದ್ದವು. ಘಾಟಿನ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. "ಕಾಶ್ಯಾಗ ಇದ್ದೂ ಗಂಗೀ ಮುಖ ಕಾಣವಲ್ಲದು ನೋಡು ತಮ್ಮಾ. ಊರಾಗಿದ್ದಾಗ ಕನಸಿನ್ಯಾಗರೆ ಕಾಣತಿತ್ತು," ಎಂದು ಒಮ್ಮೆ ಹೇಳಿದರು. ಅಂದಿನಿಂದ ನಾನೂ ನನ್ನ ಹೆಂಡತಿ ವನಜಳೂ ಗಂಗೆ ಕಾಣುವ ಕೋಣೆ ಹುಡುಕತೊಡಗಿದೆವು.

ಅಷ್ಟರಲ್ಲಿ ಕೇದಾರ ಘಾಟಿನ ಪಕ್ಕದಲ್ಲಿ ನಮ್ಮ ಕಡೆಯವರದೇ ಒಂದು ಮಠದಲ್ಲಿ ಗಂಗೆ ಕಾಣುವ ಕೋಣೆ ಖಾಲಿಯಾಯಿತು. ಕಾಶಿಯಲ್ಲಿ ಅಂಥ ಕೋಣೆಗಳು ಹೇಗೆ ಖಾಲಿಯಾಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಮಠದ ಉಸ್ತುವಾರಿ ನೋಡುವ ಸ್ವಾಮಿಗಳು ಕರಾರು ಹಾಕಿದರು.

"ಹುಣ್ಣಿಮೆ ದಿನ ಮಧ್ಯಾಹ್ನದ ಪೂಜೆ ಗಂಟೆ ಹೊಡೆಯೋದ್ರೊಳಗೆ ಅಜ್ಜಿ ತಾವೇ ಬಂದು ದೀಪ ಹಚ್ಚಿ, ನೀರಿನ ಚೊಂಬು ಇಡಬೇಕು. ಮಾರನೇ ದಿನದಿಂದ ಪಿತೃಪಕ್ಷ, ಹೊಸ ವಾಸ ಕೂಡದು. ಅದು ಮುಗಿಯೋವರೆಗೂ ಖಾಲಿ ಇಟ್ಕೊಂಡು ಕೂರೋಕಾಗಲ್ಲ. ಅವರು ಬರದಿದ್ರೆ ಅವತ್ತೇ ಇನ್ನೊಬ್ಬರು ಬರ್ತಾರೆ."

ಎರಡು ಜಾಗಗಳ ನಡುವೆ ಇದ್ದದ್ದು ಒಂದೇ ಉದ್ದನೆಯ ಸಂದಿ. ವನಜ ಸುಲಭದ ದಾರಿ ಹೇಳಿದಳು. "ಹಮಾಲಿ ಒಬ್ಬ ಸಾಮಾನು ತಲೆ ಮೇಲೆ ಹೊತ್ಕೊಂಡು ಹೋಗ್ತಾನೆ. ಅಜ್ಜೀನ ಒಂದು ಕುರ್ಚೀಲಿ ಕೂರಿಸಿ ಇಬ್ಬರು ಎತ್ಕೊಂಡು ಹೋದ್ರಾಯ್ತು."

"ಮನೆಯಲ್ಲಿ ಮೋಟಾರ್ ಸೈಕಲ್ ಇಟ್ಕೊಂಡು ಹಮಾಲಿನಾ?" ಎಂದೆ. ಅವಳು ನನ್ನ ಮುಖ ನೋಡಿ ಅನ್ನ ಬಸಿಯಲು ಹೋದಳು.

ಈಗ ಸಾಮಾನು ತುಂಬಲು ಗಾಡಿಗೆ ಏನು ಕಟ್ಟಬೇಕೆಂಬ ಮಹಾಪ್ರಶ್ನೆ. ಕ್ಯಾನ್ವಾಸ್ ಚೀಲ ನೋಡಿದೆ. ಅಜ್ಜಿಯ ಕಂಚಿನ ಪಾತ್ರೆಗೆ ರಕ್ಷಣೆ ಸಾಲದು ಎನ್ನಿಸಿತು. ಚರ್ಮದ ಜೋಡಿಚೀಲ ಸೊಗಸಾಗಿತ್ತು, ಆದರೆ ಮಡಿಯ ಅಜ್ಜಿಯ ಮುಂದೆ ಚರ್ಮದ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಬೆತ್ತದ ಬುಟ್ಟಿಯನ್ನು ಮನೆಗೆ ತಂದದ್ದೇ, ಅದರಲ್ಲಿ ವನಜ ಈರುಳ್ಳಿ ಹಾಕಿಟ್ಟಳು. ಕೊನೆಗೆ ಕಾಶಿಯ ಹಾಲಿನವರು ನನ್ನ ಕಣ್ಣು ತೆರೆಸಿದರು. ಗಾಡಿಯ ಎರಡೂ ಕಡೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನಲ್ಲಿ ದೊಡ್ಡ ದೊಡ್ಡ ಕ್ಯಾನು, ಒಂದು ಹನಿ ಚೆಲ್ಲದಂತೆ ಊರೆಲ್ಲ ಸುತ್ತುತ್ತಾರೆ. ಕ್ಯಾನಿನ ಜಾಗದಲ್ಲಿ ತಗಡಿನ ಟ್ರಂಕು! ಇಷ್ಟು ಸರಳ ವಿಚಾರ ಇದುವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನಾನು ಬೆರಗಾದೆ. ಯಾಕೆ ಹೊಳೆದಿಲ್ಲ ಎಂದು ಒಂದು ಕ್ಷಣ ಯೋಚಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮುನ್ನಾ ಎಂಬ ಬೆಸುಗೆ ಮಿಸ್ತ್ರಿ ನನಗಿಂತ ಉತ್ಸಾಹಿ. ಬೋಲ್ಟು ಹಾಕಿದರೆ ಬೇಕಾದಾಗ ಬಿಚ್ಚಬಹುದಲ್ಲ ಎಂದು ಅವನು ಕೇಳಿದ್ದೇನೋ ನಿಜ. ಬಿಚ್ಚುವ ಮಾತೇ ಬೇಡ, ಟ್ರಂಕನ್ನು ಚೌಕಟ್ಟಿಗೆ, ಚೌಕಟ್ಟನ್ನು ಗಾಡಿಗೆ ಸೇರಿಸಿಯೇ ಬೆಸೆದುಬಿಡು ಎಂದೆ. ಅವನು ಬಾಯಿಯ ಪಾನನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಕೆಲಸ ಮುಗಿಸಿದ. "ಬಾಬೂಜಿ, ಹಾಥಿ ಭೀ ಚಢ್ ಜಾಯ್ ತೋ ಹಿಲೇಗಾ ನಹೀಂ," ಎಂದ. ಆನೆ ಹತ್ತಿದರೂ ಅಲುಗದಂತೆ.

ಪರೀಕ್ಷಾರ್ಥ ಓಟವಿಲ್ಲದೆ ಯಾವ ಜವಾಬ್ದಾರಿಯುತ ಮನುಷ್ಯನೂ ಇಂಥ ವಾಹನವನ್ನು ಸೇವೆಗೆ ಬಿಡಲಾರ. ಗಂಗೆಯ ಸೇತುವೆ ದಾಟಿ ಆಚೆ ದಡದ ರಾಮನಗರಕ್ಕೆ ಹೋಗಿ ಬರೋಣವೆಂದು ಅಜ್ಜಿಯನ್ನು ಕರೆದೆ. ಅವರು ಬೆಚ್ಚಿಬಿದ್ದರು.

"ಹೊಳೀ ಆಚೆ ದಂಡಿಗೆ? ನಾ ಒಲ್ಯಪಾ. ಅಲ್ಲಿ ಸತ್ರ ಮುಂದ ಕತ್ತೀ ಜನ್ಮ ಬರತದಂತ. ಈ ವಯಸ್ಸಿನ್ಯಾಗ ನನಗ ಆ ಧೈರ್ಯ ಇಲ್ಲ. ನೀ ಹೋಗಿ ಬಾ."

ಕತ್ತೆಯ ಜನ್ಮಕ್ಕೆ ಹೆದರದೆ ನಾನೊಬ್ಬನೇ ಹೋದೆ. ಅಗಲವಾದ ರಸ್ತೆ, ಕೋಟೆಯ ಮುಂದೆ ವಿಶಾಲವಾದ ಬಯಲು. ಗಾಡಿ ತೇರಿನಂತೆ ಸಾಗಿತು. ಎಲ್ಲೂ ಉಜ್ಜಲಿಲ್ಲ, ಎಲ್ಲೂ ತಗುಲಲಿಲ್ಲ. ಪ್ರಯೋಗ ಸಂಪೂರ್ಣ ಯಶಸ್ವಿ ಎಂದು ವನಜಳಿಗೆ ವರದಿ ಒಪ್ಪಿಸಿದೆ.

ಹುಣ್ಣಿಮೆಯ ಬೆಳಗ್ಗೆ ಅಜ್ಜಿಯ ಕೋಣೆಗೆ ಹೋದಾಗ ಹೊಸ ತೊಡಕು ಎದುರಾಯಿತು. ಅಜ್ಜಿಯ ಸಾಮಾನೆಲ್ಲ ಸೇರಿ ಒಂದು ಟ್ರಂಕಿನ ಅರ್ಧ ಕೂಡ ತುಂಬಲಿಲ್ಲ. ಎರಡು ಸೀರೆ, ಒಂದು ಕಂಬಳಿ, ಕಂಚಿನ ಪಾತ್ರೆ, ಜಪಸರ, ಒಂದು ಮಣೆ. ಒಬ್ಬ ಮನುಷ್ಯ ಇಷ್ಟರಲ್ಲಿ ಬದುಕಬಹುದೆಂದು ನಾನು ನಿಜವಾಗಿ ಬೆರಗಾಗಿ ನಿಂತೆ. ಬೆರಗು ಮುಗಿದ ಮೇಲೆ ಸಮತೋಲನದ ನೆನಪಾಯಿತು. ಒಂದು ಕಡೆ ಭಾರ, ಇನ್ನೊಂದು ಕಡೆ ಖಾಲಿ ಇದ್ದರೆ ಗಾಡಿ ವಾಲುತ್ತದೆ. ವಸತಿಯ ಹಿತ್ತಿಲಲ್ಲಿ ಇಟ್ಟಿಗೆ ಬಿದ್ದಿದ್ದವು. ಮಾಲೀಕರನ್ನು ಕೇಳಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಎಡಗಡೆಯ ಟ್ರಂಕಿಗೆ ತುಂಬಿದೆ. ಈಗ ಎಡಗಡೆ ಹೆಚ್ಚಾಯಿತು. ಬಲಗಡೆಗೂ ನಾಲ್ಕು ಹಾಕಿದೆ.

"ಅಜ್ಜಿಗೆ ಮನೆ ಕಟ್ಟಿಸಿಕೊಡ್ತೀರಾ?" ಎಂದಳು ವನಜ.

"ಇದು ನಿನಗೆ ತಿಳಿಯೋದಲ್ಲ," ಎಂದೆ.

ಅಜ್ಜಿ ಹಣತೆಯನ್ನೂ ನೀರು ತುಂಬಿದ ತಾಮ್ರದ ಚೊಂಬನ್ನೂ ಮಾತ್ರ ಟ್ರಂಕಿಗೆ ಹಾಕಗೊಡಲಿಲ್ಲ. "ಇವು ನನ್ನ ಉಡಿಯಾಗ ಇರಲಿ," ಎಂದರು. ಅವರನ್ನು ಹಿಂದಿನ ಸೀಟಿನಲ್ಲಿ ಎರಡು ಟ್ರಂಕುಗಳ ನಡುವೆ ಕೂರಿಸಿದಾಗ ಅಂಬಾರಿಯಲ್ಲಿ ಕೂತಂತೆ ಕಂಡರು. ವನಜ ಮುಂದಾಗಿ ಮಠಕ್ಕೆ ಹೋಗಿ ಕೋಣೆ ಗುಡಿಸಲು ಹೊರಟಳು. ನಾನು ಗಾಡಿ ಒದ್ದೆ, ಪಾರಿವಾಳಗಳು ಹಾರಿದವು.

ಮೊದಲ ತಿರುವಿನವರೆಗೆ ಎಲ್ಲ ಸರಿಯಾಗಿತ್ತು. ತಿರುವು ದಾಟಿದ ಮೇಲೆ ಸಂದಿ ಸಣ್ಣಗಾಗುತ್ತ ಹೋಗಿ, ಒಂದು ಮನೆಯ ಜಗಲಿ ಎಡಗಡೆಯಿಂದ ಮುಂದೆ ಚಾಚಿತ್ತು. ಕರ್ ಎಂದು ಸದ್ದಾಯಿತು. ಗಾಡಿ ನಿಂತಿತು. ಇಂಥ ವೇಳೆಯಲ್ಲಿ ಬುದ್ಧಿವಂತ ಹಿಂದೆ ಸರಿಯುತ್ತಾನೆ. ನಾನು ಆಕ್ಸಿಲರೇಟರ್ ತಿರುವಿದೆ. ಗಾಡಿ ಒಂದು ಮೊಳ ಮುಂದೆ ನುಗ್ಗಿ, ಎಡ ಟ್ರಂಕು ಜಗಲಿಗೂ ಬಲ ಟ್ರಂಕು ಗೋಡೆಗೂ ಕಚ್ಚಿಕೊಂಡು, ಕಲ್ಲಿನಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಗಾಡಿ ಅಳೆದಿದ್ದೆ. ಟ್ರಂಕು ಅಳೆದಿದ್ದೆ. ತೂಕ ನೋಡಿದ್ದೆ. ಸಂದಿ ಅಳೆದಿರಲಿಲ್ಲ!

ನಾನು ಹ್ಯಾಂಡಲ್ ದಾಟಿ ಮುಂದಕ್ಕೆ ಹಾರಿಕೊಂಡೆ. ಅಜ್ಜಿ ಇಳಿಯುವಂತಿರಲಿಲ್ಲ, ಎರಡೂ ಕಡೆ ಟ್ರಂಕು, ಟ್ರಂಕಿನಾಚೆ ಗೋಡೆ. ಮೇಲಿನ ಕಿಟಕಿಯಿಂದ ಒಬ್ಬ ಹೆಂಗಸು "ಕಾ ಭಇಲ?" ಏನಾಯಿತು ಎಂದು ಕೇಳಿದಳು. ಮುಂದಿನ ಪಾನ್ ಅಂಗಡಿಯವನು ಆರಾಮವಾಗಿ ಎದ್ದು ಬಂದು, "ಕಾ ಗುರು, ಫಂಸ್ ಗಇಲಾ?" ಎಂದ. ಸಿಕ್ಕಿಬಿದ್ದದ್ದು ಸುತ್ತಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಗಾಡಿಯ ಹಿಂದೆ ಜನ ಸೇರಿದರು, ಮುಂದೆ ಜನ ಸೇರಿದರು. ಎದುರಿನಿಂದ ಬಂದ ಒಂದು ಗೂಳಿ ಕೂಡ ನನ್ನನ್ನೂ ಟ್ರಂಕುಗಳನ್ನೂ ನೋಡಿ, ಕಷ್ಟಪಟ್ಟು ಹಿಂದಕ್ಕೆ ತಿರುಗಿ ಹೋಯಿತು. ಕಾಶಿಯ ಗೂಳಿ ದಾರಿ ಬಿಟ್ಟದ್ದನ್ನು ನೋಡಿದವನು ನಾನೊಬ್ಬನೇ ಇರಬೇಕು.

"ತಮ್ಮಾ, ಹೊತ್ತು ಏರಲಿಕ್ಕತ್ತದ," ಎಂದರು ಅಜ್ಜಿ ಮೇಲಿನಿಂದ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಚೊಂಬನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದರು. ಇವರ ಗಂಗೆಯನ್ನು ನಾನೇ ತಪ್ಪಿಸಿಬಿಟ್ಟೆನಲ್ಲ ಎಂದು ಹ್ಯಾಂಡಲ್ ಹಿಡಿದು ಮತ್ತೊಮ್ಮೆ ಎಳೆದೆ.

ಆಗ ಹಿಂದಿನಿಂದ ಕೇಳಿಸಿತು: "ರಾಮ ನಾಮ ಸತ್ಯ ಹೈ!"

ಶವ ಹೊತ್ತವರ ಕೂಗು ಅದು. ಕಾಶಿಯಲ್ಲಿ ಮಂತ್ರಿ ಬಂದರೂ ಕಾಯಿಸುತ್ತಾರೆ, ಶವವನ್ನು ಕಾಯಿಸುವುದಿಲ್ಲ. ಎಲ್ಲಿಂದಲೋ ಕೊನೆಯ ಯಾತ್ರೆ ಹೊರಟ ಒಬ್ಬ ಪುಣ್ಯಾತ್ಮ ಹೆಣ ಸುಡುವ ಹರಿಶ್ಚಂದ್ರ ಘಾಟಿನ ಹತ್ತಿರಕ್ಕೆ ಬಂದು, ನನ್ನ ಟ್ರಂಕಿನ ಹಿಂದೆ ನಿಲ್ಲುವಂತಾಯಿತು. ಈಗ ನಾಲ್ಕು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ.

ಬೀಳಲಿಲ್ಲ. ಚಟ್ಟದ ಮುಂದಿದ್ದ ಹಿರಿಯನೊಬ್ಬ ಗಾಡಿಯನ್ನು ನೋಡಿದ, ಗೋಡೆಯನ್ನು ನೋಡಿದ, ಅಜ್ಜಿಗೆ ಕೈಮುಗಿದು, "ಮಾತಾಜಿ, ತನಿಕ್ ಸಿರ್ ಝುಕಾ ಲೀಜಿಯೇ," ಎಂದ. ಅಜ್ಜಿ ತಲೆ ಬಾಗಿಸಿದರು. ಇಬ್ಬರು ಜಗಲಿ ಹತ್ತಿದರು, ಇಬ್ಬರು ನನ್ನ ಟ್ರಂಕುಗಳ ಮೇಲೆ ನಿಂತರು. ಮುನ್ನಾ ಸುಳ್ಳು ಹೇಳಿರಲಿಲ್ಲ, ಟ್ರಂಕು ಒಂದಿಷ್ಟೂ ಅಲುಗಲಿಲ್ಲ. ಕೈಯಿಂದ ಕೈಗೆ, ಯಾರೂ ಕೂಗಾಡದೆ, ಚಟ್ಟ ಮೇಲೆದ್ದು ಅಜ್ಜಿಯ ತಲೆಯ ಮೇಲಿಂದ, ಹ್ಯಾಂಡಲ್ ಮೇಲಿಂದ ಹಾದು, ಮುಂದಿದ್ದವರ ಹೆಗಲಿಗೆ ಇಳಿಯಿತು. ಪಾನ್ ಅಂಗಡಿಯವನೂ ಒಂದು ಕೈ ಕೊಟ್ಟ. ಮೇಲಿನಿಂದ ಒಂದೆರಡು ಚೆಂಡುಹೂವು ಅಜ್ಜಿಯ ಸೆರಗಿನಲ್ಲಿ ಬಿದ್ದವು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಸಾವು ಅಷ್ಟು ಹತ್ತಿರದಿಂದ, ಅಷ್ಟು ಹಗುರಾಗಿ ಹೋದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಜ್ಜಿ ತಲೆಯೆತ್ತಿ ಚಟ್ಟ ಹೋದ ಕಡೆಗೇ ನೋಡಿದರು. "ನೋಡಿದೇನು ತಮ್ಮಾ? ಅಂವ್ಗ ಪೆಟಗಿ ಇರಲಿಲ್ಲ. ಹೊಂಟೇಬಿಟ್ಟ."

ಆಮೇಲೆ ಮೆರವಣಿಗೆಯ ಕೊನೆಯಲ್ಲಿದ್ದ ಗಟ್ಟಿಮುಟ್ಟಾದ ನಾಲ್ವರ ಕಡೆ ತಿರುಗಿ, ಕಾಶಿಯಲ್ಲಿ ಕಲಿತ ಹಿಂದಿಯಲ್ಲಿ, "ಭೈಯಾ, ಹಮಕೋ ಭೀ ಉಠಾವ್," ಎಂದರು. ನನ್ನನ್ನೂ ಎತ್ತಿರಪ್ಪ ಎಂದು.

ಅವರು ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅದೇ ಜಗಲಿ, ಅದೇ ಟ್ರಂಕು, ಅದೇ ಕೈಗಳು. ಅಜ್ಜಿ ಚೊಂಬು, ಹಣತೆ ಸಮೇತ ಗಾಳಿಯಲ್ಲಿ ಎದ್ದು ಹ್ಯಾಂಡಲ್ ದಾಟಿದರು. ಕೆಳಗಿಳಿಸಿ ಎಂದು ಹೇಳುವಷ್ಟರಲ್ಲಿ ಆ ನಾಲ್ವರು ಅಭ್ಯಾಸಬಲದಿಂದ ಚಟ್ಟದ ಹಿಂದೆಯೇ ಘಾಟಿನ ಕಡೆ ದಾಪುಗಾಲು ಹಾಕತೊಡಗಿದ್ದರು. ಒಬ್ಬನಂತೂ "ರಾಮ ನಾಮ" ಎಂದು ಶುರುಮಾಡಿಯೂ ಬಿಟ್ಟ.

"ಅಭೀ ನಹೀಂ, ಅಭೀ ನಹೀಂ," ಈಗಲೇ ಅಲ್ಲಪ್ಪ ಎಂದು ಅಜ್ಜಿ ಮೇಲಿನಿಂದ ಅವನ ತಲೆ ತಟ್ಟಿದರು. "ಬಾಯೇಂ! ಮಠ!"

ಎಡಕ್ಕೆ ತಿರುಗಿದರು. ನಾನು ಹಿಂದೆ ಓಡಿದೆ. ಮಠದ ಬಾಗಿಲಲ್ಲಿ ಕಸಬರಿಕೆ ಹಿಡಿದು ನಿಂತಿದ್ದ ವನಜ, ಅಪರಿಚಿತ ಗಂಡಸರ ಹೆಗಲ ಮೇಲೆ ಅಜ್ಜಿ ಬರುತ್ತಿರುವುದನ್ನೂ ಅವರ ಮೈಮೇಲೆ ಚೆಂಡುಹೂವನ್ನೂ ಕಂಡು ಅಳತೊಡಗಿದಳು. "ಅಳಬ್ಯಾಡವಾ, ನಾ ಇನ್ನೂ ಅದೀನಿ. ಬೆಂಕಿಪೆಟಗಿ ಕೊಡು," ಎಂದರು ಅಜ್ಜಿ.

ದೀಪ ಹಚ್ಚಿ, ಚೊಂಬು ಇಟ್ಟು, ಕೈಮುಗಿದರು. ಕೆಳಗೆ ಪೂಜೆಯ ಗಂಟೆ ಹೊಡೆಯಿತು. ಅಜ್ಜಿ ಕಿಟಕಿಗೆ ತಿರುಗಿದರು. ಮಳೆಗಾಲದ ಗಂಗೆ ಮೆಟ್ಟಿಲುಗಳನ್ನೆಲ್ಲ ನುಂಗಿ ಕಿಟಕಿಯ ಹತ್ತಿರಕ್ಕೇ ಬಂದಿದ್ದಳು. ಇವರು ಇಳಿಯಲಾರರೆಂದು ತಾನೇ ಹತ್ತಿ ಬಂದಳೇನೋ ಎನ್ನಿಸಿತು. ಅಜ್ಜಿ ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತರು. ನನಗೂ ಕಣ್ಣು ತುಂಬಿತು. ಈ ಪುಣ್ಯದಲ್ಲಿ ನನ್ನದೂ ಒಂದು ಪಾಲಿದೆ ಎಂದುಕೊಂಡು ಗಾಡಿ ಬಿಡಿಸಲು ಹೊರಟೆ.

ಪಾಲು ಎಷ್ಟೆಂದು ಸಂದಿಯಲ್ಲಿ ಗೊತ್ತಾಯಿತು. ಹೇಳಿಕಳಿಸಿದ್ದ ಮುನ್ನಾ ಮಿಸ್ತ್ರಿ ಗರಗಸ ತಂದು, ತನ್ನ ಜೀವಮಾನದ ಶ್ರೇಷ್ಠ ಬೆಸುಗೆಯನ್ನು ತಾನೇ ಕೊಯ್ದ. ನಡುವೆ ಎರಡು ಸಲ ಕಣ್ಣೊರೆಸಿಕೊಂಡ. ಟ್ರಂಕು ಕಳಚಿದಾಗ ಪಾನ್ ಅಂಗಡಿಯವನು ಎತ್ತಲು ಹೋದ, ಏಳಲಿಲ್ಲ. ಮುದುಕಿ ಬಂಗಾರ ಇಟ್ಟಿರಬೇಕೆಂದು ಯಾರೋ ಪಿಸುಗುಟ್ಟಿದರು. ಮುಚ್ಚಳ ತೆರೆದರು. ಪತ್ರಿಕೆ ಬಿಚ್ಚಿದರು.

ಪಾನ್ ಅಂಗಡಿಯವನು ಒಂದು ಇಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಕಾ ಗುರು, ಕಾಶೀ ಮೇಂ ಈಂಟಾ ಕಮ ಹೌ ಕಾ?" ಎಂದು ಅವನು ಬಹಳ ಮೃದುವಾಗಿ ಕೇಳಿದ. ಕಾಶಿಯಲ್ಲಿ ಇಟ್ಟಿಗೆಗೆ ಬರವೇ?

ಸುದ್ದಿ ಅಜ್ಜಿಗೂ ಮುಟ್ಟಿತು. ಒಲೆ ಹೂಡಲು ಇಟ್ಟಿಗೆ ಬೇಕೇ ಆಗಿತ್ತು, ತಂದುಬಿಡು ಎಂದು ಹೇಳಿಕಳಿಸಿದರು. ಗಾಡಿಯ ಮೇಲೆ ಹೇರುವ ಮಾತನ್ನು ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ಮೊದಲು ಅಜ್ಜಿಯ ಸಾಮಾನಿನ ಗಂಟು ಮುಟ್ಟಿಸಿ, ಆಮೇಲೆ ಎರಡೂ ಕಂಕುಳಲ್ಲಿ ಇಟ್ಟಿಗೆ ಇಟ್ಟುಕೊಂಡು ಪಾನ್ ಅಂಗಡಿಯ ಮುಂದೆ ಹಲವು ಸಲ ಹೋಗಿ ಬಂದೆ. ಕೊನೆಯ ಸಲ ಬೆವರೊರೆಸಿಕೊಳ್ಳುತ್ತ ಕೂತಾಗ ಅಜ್ಜಿ ನನ್ನನ್ನೇ ದಿಟ್ಟಿಸಿ ನೋಡಿದರು.

"ಅವತ್ತ ಹೊಳೀ ಆಚೆ ಹೋಗಿದ್ದಿ ಅಲ್ಲಾ ತಮ್ಮಾ?"

"ಹೌದು ಅಜ್ಜಿ."

"ನಾ ಹೇಳಿದ್ದೆ. ಸಾಯೂತನಕಾನೂ ಕಾಯಲಿಲ್ಲ ನೋಡು, ಇಟ್ಟಂಗಿ ಹೊರೂ ಜನ್ಮ ಈಗಲೇ ಬಂದುಬಿಟ್ಟದ."

ವನಜ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಇಟ್ಟಿಗೆಯ ಒಲೆಯ ಮೇಲೆ ಅಜ್ಜಿ ಮಾಡಿದ ಅವಲಕ್ಕಿಯನ್ನು ನಾವು ಮೂವರೂ ಗಂಗೆ ನೋಡುತ್ತ ತಿಂದೆವು. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಏನೋ ಆಶೀರ್ವಾದ ಬರುತ್ತದೆಂದು ತಲೆ ಬಾಗಿಸಿದೆ.

"ಒಂದು ಮಾತು ನಡಸಿಕೊಡು. ಮುಂದಿನ ಸಲ ನನ್ನ ಎತಗೊಂಡು ಹೊಂಟಾಗ, ನಿನ್ನ ಗಾಡಿ ಸಂದ್ಯಾಗ ತರಬ್ಯಾಡ."

ಮಾತು ಕೊಟ್ಟೆ. ಗಾಡಿಯನ್ನೂ ಸಾಕಾಗಿ ಯಾರಿಗೋ ಮಾರಿದೆ. ಈಗಲೂ ಆ ಸಂದಿಗೆ ಹೋದರೆ ನಡೆದೇ ಹೋಗುತ್ತೇನೆ, ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡು.