ದವಡೆಯ ಕ್ಲೇಮು

ನೋವಿಗೆ ಅಂಕ ಕೊಡುವ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅವನಿಗೆ ಹೆಂಡತಿಯಂತೂ ಇದ್ದಿರಲಾರಳು. ಇದ್ದಿದ್ದರೆ ಆ ಅಂಕಪಟ್ಟಿ ಕೊನೆಗೆ ಯಾರ ಕೈ ಸೇರುತ್ತದೆಂದು ಒಮ್ಮೆ ಯೋಚಿಸುತ್ತಿದ್ದ.

ನಾನು ಭೋಜರಾಜ. ಗಿಂಡಿ ಬಡಾವಣೆಯ ಒಂದು ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಪಘಾತದ ಕ್ಲೇಮುಗಳನ್ನು ಕತ್ತರಿಸಿ ನಿವೃತ್ತನಾದ ಮಹಾಪುರುಷ. ಯಾರೇ ಬಂದು ಬಾನೆಟ್ಟು ಹೋಯಿತು, ಬಂಪರು ಹೋಯಿತು ಎಂದು ಗೋಳಾಡಿದರೂ ಅರ್ಧ ಕಡಿದು ಬರೆಯುವುದು ನನ್ನ ಧರ್ಮವಾಗಿತ್ತು. ಜನ ಹೆಚ್ಚಿಸಿಯೇ ಹೇಳುತ್ತಾರೆ ಎಂಬುದು ನನ್ನ ಸಿದ್ಧಾಂತ. (ಅದನ್ನು ಮನೆಯಲ್ಲೂ ಪಾಲಿಸಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೇಗ ಬರಲು ಮನಸ್ಸಿಲ್ಲ.)

ಕಳೆದ ಸೋಮವಾರ ಟಿ. ನಗರದ ದಂತವೈದ್ಯ ವಿಘ್ನೇಶ್ ನನ್ನ ಕೆಳದವಡೆಯಲ್ಲಿ ಹಲ್ಲು ಉದುರಿದ್ದ ಜಾಗಕ್ಕೆ ಇಂಪ್ಲಾಂಟ್ ಹಾಕಿದರು. ಅಂದರೆ ಮೂಳೆಗೇ ಒಂದು ಸ್ಕ್ರೂ. ಮರಗಟ್ಟಿದ್ದು ಇಳಿಯುವ ಮೊದಲೇ ಮಾತ್ರೆ ನುಂಗಿ, ಐಸ್ ಇಡಿ, ಮೆತ್ತಗಿರುವುದನ್ನೇ ತಿನ್ನಿ, ಮೂರು ದಿನ ಊತ ಸಹಜ, ಆಮೇಲೂ ನೋವು ಏರಿದರೆ ಕೂಡಲೇ ಬನ್ನಿ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿ, ಕಾಗದದಲ್ಲೂ ಬರೆದುಕೊಟ್ಟರು.

"ವಲಿ ಎವ್ವಳವು ಸಾರ್, ಪತ್ತುಕ್ಕು?" ಎಂದು ನೋವಿನ ಅಂಕ ಕೇಳಿದರು.

ಹತ್ತಕ್ಕೆ ಸೊನ್ನೆ ಎಂದೆ. ಮರಗಟ್ಟಿದ ದವಡೆಯಿಂದ ವೀರವಾಣಿ ಬಲು ಸಲೀಸು. ಮಾತ್ರೆ ಜೇಬಿನಲ್ಲೇ ಉಳಿಯಿತು.

ತಾಂಬರಂನ ಮನೆ ಸೇರುವಷ್ಟರಲ್ಲಿ ದವಡೆಗೆ ಜೀವ ಬಂತು, ನನ್ನ ಜೀವ ಹೋಯಿತು.

"ಅಂಬುಜಾ, ಎಂಟು!" ಎಂದು ಕಿರುಚಿದೆ.

ನನ್ನ ಹೆಂಡತಿ ಅಡುಗೆಮನೆಯಿಂದ ಕುಂಟುತ್ತ ಬಂದಳು. ಮಾತ್ರೆ ನುಂಗಿಸಿದಳು, ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಗಿಟ್ಟಳು, ಆಮೇಲೆ ಕ್ಯಾಲೆಂಡರಿನಲ್ಲಿ ಏನೋ ಗುರುತು ಹಾಕಿದಳು. ಇಣುಕಿ ನೋಡಿದರೆ 'ಮೂರು'.

"ನಾನು ಎಂಟು ಅಂದೆ ಕಣೇ!"

"ಜನ ಹೆಚ್ಚಿಸಿ ಹೇಳ್ತಾರೆ ರೀ. ಐದು ಕಳೆದಿದೀನಿ."

"ಐದಾ? ಇದ್ಯಾವ ನ್ಯಾಯ?"

"ನಿಮ್ದೇ ನ್ಯಾಯ. ನನ್ನ ಮಂಡಿಗೆ ನೀವು ಆರು ಕಳೆದಿದ್ರಿ. ಗಂಡ ಅಂತ ಒಂದು ಬಿಟ್ಟುಕೊಟ್ಟಿದೀನಿ, ಸುಮ್ನೆ ಮಲಕ್ಕೊಳಿ."

ಮೂರು ವರ್ಷದ ಹಿಂದೆ ತಾಂಬರಂ ಸ್ಟೇಷನ್ನಿನ ಮೇಲುಸೇತುವೆಯ ಮೆಟ್ಟಿಲಲ್ಲಿ ಅವಳು ಜಾರಿ ಬಿದ್ದಿದ್ದಳು. ನೋವು ಹತ್ತಕ್ಕೆ ಒಂಬತ್ತು ಎಂದಳು. ನಾನು ಮೂರು ಎಂದು ತೀರ್ಪು ಕೊಟ್ಟು ಮುಲಾಮು ತಂದುಕೊಟ್ಟೆ. ನಾಲ್ಕು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿದಾಗ, ಮಂಡಿಯೊಳಗೆ ಹರಿದಿದ್ದ ಸ್ನಾಯು ಅಡ್ಡಾದಿಡ್ಡಿ ಕೂಡಿಕೊಂಡಿದೆ, ಮೊದಲೇ ಬರಬೇಕಿತ್ತು ಎಂದರು. ನಾನು ಗ್ರಹಚಾರ ಎಂದೆ. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು.

ಎರಡು ದಿನ ಗಂಜಿ, ಮೊಸರನ್ನ. ನೋವು ಇಳಿಯುತ್ತ ಬಂತು. ಶುಕ್ರವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಭುಗಿಲೆದ್ದಿತು.

"ಒಂಬತ್ತು! ದೇವರಾಣೆಗೂ ಒಂಬತ್ತು!"

"ಸ್ಥಳಪರಿಶೀಲನೆ ಆಗದೆ ಹೇಗೆ ಒಪ್ಪೋದು? ಬಾಯಿ ತೆಗೀರಿ." ಮೊಬೈಲ್ ಟಾರ್ಚು ಹಾಕಿ ನೋಡಿದಳು. "ಕೆಂಪಗಾಗಿದೆ. ಏನು ತಿಂದ್ರಿ?"

"ಗಂಜಿ."

"ಗಂಜಿ ಮಾತ್ರಾನಾ?"

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎನ್ನುತ್ತ ಅತ್ತೇಬಿಟ್ಟೆ. ನಲವತ್ತು ವರ್ಷ ಜೊತೆಗಿದ್ದವಳು ನನ್ನ ನೋವನ್ನು ನಂಬುತ್ತಿಲ್ಲವಲ್ಲ ಎಂಬುದು ಹಲ್ಲಿಗಿಂತ ಹೆಚ್ಚು ಸಂಕಟವಾಗಿತ್ತು. ಅವಳು ಸೀರೆ ಬದಲಿಸಿ, ಚೀಲ ಹಿಡಿದು ನನ್ನನ್ನು ಡಾಕ್ಟರ ಬಳಿಗೆ ಹೊರಡಿಸಿದಳು.

ಡಾಕ್ಟರು ಅಂಕ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಂಬುಜಾ ಹೇಳಿದಳು: "ಒಂಬದು, ಡಾಕ್ಟರ್. ಅವರ್ ಸೊನ್ನಾ ಸರಿಯಾ ಇರುಕ್ಕುಂ."

ಅವರು ಹೇಳಿದರೆ ಸರಿಯಾಗಿಯೇ ಇರುತ್ತದಂತೆ! ಒಂಬತ್ತರಿಂದ ಒಂದನ್ನೂ ಕಳೆಯಲಿಲ್ಲ. ನನ್ನ ಹೃದಯ ಕರಗಿಹೋಯಿತು. ಅಷ್ಟರಲ್ಲಿ ಡಾಕ್ಟರು ಹೊಲಿಗೆಯ ಸಂದಿಯಿಂದ ಕಂದು ಬಣ್ಣದ ಚೂರೊಂದನ್ನು ಕಿತ್ತು ಸ್ಟೀಲು ತಟ್ಟೆಗೆ ಹಾಕಿದರು. ಟಣ್ಣೆಂದಿತು.

"ಕೋಡುಬಳೆ," ಎಂದಳು ಅಂಬುಜಾ. "ನಂಜನಗೂಡಿಂದ ನಿಮ್ಮಕ್ಕ ಅಮ್ಮಣ್ಣಿ ಕಳಿಸಿದ್ದು. ನಿನ್ನೆ ಡಬ್ಬೀಲಿ ಎರಡು ಕಮ್ಮಿ ಇತ್ತು."

"ಮತ್ತೆ ಒಂಬತ್ತು ಅಂತ ಯಾಕೆ ಹೇಳ್ದೆ?"

"ತಿಂದಿದ್ದು ಕಳ್ಳತನವಾದ್ರೂ ನೋವು ನಿಜಾನೇ ಅಲ್ವಾ. ನೋಡಿದ್ರೆ ಗೊತ್ತಾಗಲ್ವಾ?"

ಡಾಕ್ಟರು ತೊಳೆದು, ಹೊಸ ಹೊಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ ಕಳಿಸಿದರು. ಸ್ಕ್ರೂ ಅಲುಗಿರಲಿಲ್ಲ. ಎಲೆಕ್ಟ್ರಿಕ್ ಟ್ರೇನಿನಲ್ಲಿ ತಾಂಬರಂಗೆ ಬಂದು ಇಳಿಯುವ ಹೊತ್ತಿಗೆ ನನ್ನ ನೋವು ಎರಡಕ್ಕೆ ಇಳಿದಿತ್ತು. ಅದೇ ಮೇಲುಸೇತುವೆ. ಅರ್ಧ ಮೆಟ್ಟಿಲು ಹತ್ತಿ ಅಂಬುಜಾ ಕಂಬಿ ಹಿಡಿದು ನಿಂತಳು. ತುಟಿ ಕಚ್ಚಿಕೊಂಡಿದ್ದಳು.

"ಎಷ್ಟು?" ಎಂದೆ.

"ನೀವೇ ಹೇಳಿ. ಮೂರು ವರ್ಷದಿಂದ ನೀವೇ ತಾನೇ ಹೇಳ್ತಾ ಬಂದಿರೋದು."

ಬಾಯಲ್ಲಿ ಹತ್ತಿ ಇತ್ತು, ಅದಕ್ಕೇ ಉತ್ತರ ಕೊಡಲಾಗಲಿಲ್ಲ ಎಂದು ನಿಮಗೆ ಹೇಳಬಹುದಿತ್ತು. ಆದರೆ ಹತ್ತಿಯನ್ನು ಗಿಂಡಿ ದಾಟುವಾಗಲೇ ತೆಗೆದು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡಿದ್ದೆ.