ಮೂವರು ಕೂಡಿದರೆ ಬಾಯಿ ಬಂದ್!

ನನ್ನ ಸೋದರಮಾವನ ವಿಲ್ಲಾದಲ್ಲಿ ಊಟ ಪುಕ್ಕಟೆ, ನಿದ್ದೆ ಪುಕ್ಕಟೆ, ಎಳನೀರಂತೂ ಕೇಳುವುದೇ ಬೇಡ. ಮಾತಿಗೆ ಮಾತ್ರ ಶಿಕ್ಷೆ! ನಂಬಿಕೆ ಬರಲಿಲ್ಲವೇ? ನನ್ನ ಗಂಡನನ್ನು ಕೇಳಿ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ, ನಿವೃತ್ತರಾದ ಮೇಲೂ ಪಾಠ ನಿಲ್ಲಿಸದ ಆ ಮನುಷ್ಯ ಅಲ್ಲಿ ಮೊದಲ ದಿನವೇ ಮೂವತ್ತು ತೆಂಗಿನ ಸಸಿಗೆ ನೀರು ಹೊತ್ತರು.

ನಾವಿಬ್ಬರೂ ಕಾರಿನಲ್ಲಿ ತಿಂಗಳ ಪ್ರವಾಸ ಹೊರಟಿದ್ದೆವು. ಗೋವಾ, ಕೊಂಕಣದ ದಂಡೆ, ಕೊಲ್ಹಾಪುರ ಎಂದು ಇಪ್ಪತ್ತೆರಡು ದಿನ ಸುತ್ತಿ, ನಡು ಹಿಡಿದುಕೊಂಡು, ಹೋಟೆಲಿನ ಪನೀರು ಕಂಡರೆ ಅಳು ಬರುವ ಸ್ಥಿತಿಗೆ ತಲುಪಿದಾಗ ಮಾವನ ಫೋನು ಬಂತು.

"ಹೊಳ್ಳಿ ಬರೂಮುಂದ ಚಿಮ್ಮಡಕ್ಕ ಬಂದು ನಾಕ ದಿನ ಇದ್ದು ಹೋಗ್ರಿ. ನಿಮ್ಮತ್ತಿ ಮಂದಿಯೊಳಗ ಕುಂತು ನಗಬೇಕು. ನನಗ ಅಷ್ಟ ಸಾಕು."

"ಅತ್ತಿ ಮಂದಿಯೊಳಗ ಬರಬೇಕಲ್ಲ ಮಾಮಾ" ಎಂದೆ, ಸ್ವಲ್ಪ ಖಾರವಾಗಿಯೇ.

ನನ್ನ ಸಿಟ್ಟಿಗೂ ಕಾರಣವಿತ್ತು. ಬನಹಟ್ಟಿಯಲ್ಲಿ ಮಾವನಿಗೆ ಎಂಟು ಪಾವರ್‌ಲೂಮ್‌ಗಳಿದ್ದ ಕಾಲದಲ್ಲಿ ಅತ್ತೆಯಿಲ್ಲದೆ ಆ ಓಣಿಯ ಒಂದು ಮದುವೆಯೂ ಆಗುತ್ತಿರಲಿಲ್ಲ. ಬೀಗರ ಕಾಲೆಳೆಯಲು, ಮದುಮಗನ ಬೆವರಿಳಿಸಲು ಆಕೆಯೇ ಬೇಕು. ಅಂಥವಳು ಎರಡು ವರ್ಷದಿಂದ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ನನ್ನ ಮಗಳ ಮದುವೆಗೂ ಸೀರೆ ಬಂತು, ಅತ್ತೆ ಬರಲಿಲ್ಲ! ವಿಲ್ಲಾ ಬಂದಮೇಲೆ ಸೊಕ್ಕು ಬಂದಿದೆ ಎಂದು ನಾನು ನಾಲ್ಕು ಜನರ ಮುಂದೆ ಆಡಿಕೊಂಡದ್ದೂ ಉಂಟು.

ಚಿಮ್ಮಡದ ಆ ವಿಲ್ಲಾದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಾವ ಒಮ್ಮೆ ಕೇರಳಕ್ಕೆ ಹೋಗಿ ಅಲ್ಲಿಯ ಮನೆಗಳಿಗೆ ಮರುಳಾಗಿ ಬಂದವರು. ಮೋಡಗಳು ಯೋಚಿಸಿ ಯೋಚಿಸಿ ನಾಲ್ಕು ಹನಿ ಉದುರಿಸುವ ನಮ್ಮ ಸೀಮೆಯಲ್ಲಿ, ಕಬ್ಬಿನ ಗದ್ದೆಯ ನಡುವೆ, ಮಳೆನೀರು ಸರ್ರನೆ ಜಾರಲೆಂದು ಕಡಿದಾದ ಹಂಚಿನ ಮಾಡು! ಸುತ್ತ ತೆಂಗು, ಬಾಳೆ, ಬೆತ್ತದ ಕುರ್ಚಿಗಳು, ಮರದಿಂದ ಮರಕ್ಕೆ ಕಟ್ಟಿದ ಬಲೆಯ ಜೋಲಿ. ಅಂಗಳದಲ್ಲಿ ನೀಲಿ ಟೈಲ್ಸಿನ ಈಜುಕೊಳವೂ ಇದೆ. ಅದರಲ್ಲಿ ಇದುವರೆಗೆ ಈಜಿದ್ದು ಪಕ್ಕದ ಹೊಲದವರ ಎರಡು ಎಮ್ಮೆ ಮಾತ್ರ.

ಹೋದ ಕೂಡಲೇ ಎಳನೀರು ಕೊಟ್ಟು ಮಾವ ಮನೆಯ ಕಾಯಿದೆ ಓದಿದರು.

"ಇಬ್ಬರs ಇದ್ದಾಗ ಎಷ್ಟರ ಮಾತಾಡ್ರಿ. ಮೂರು ಮಂದಿ ಕೂಡಿದ್ರ ಬಾಯಿ ಬಂದ್. ಏನಿದ್ರೂ ಕೈಲೆ ಹೇಳಬೇಕು. ತಪ್ಪಿದವರು ಹತ್ತು ಸಸಿಗೆ ನೀರು ಹಾಕಬೇಕು."

"ಇದೆಂಥಾ ಪದ್ಧತಿ ಮಾಮಾರ?" ಎಂದರು ನನ್ನವರು.

"ಅಳಿಯಂದ್ರ, ದಣದು ಬಂದೀರಿ. ಕಾಲಿಗೆ ಆರಾಮ ಕೊಡ್ತೀರಿ, ನಡಕ್ಕ ಆರಾಮ ಕೊಡ್ತೀರಿ. ನಾಲಿಗಿ ಏನು ಪಾಪ ಮಾಡೇತ್ರಿ? ಹತ್ತು ಸಸಿ!"

ಕೈಸನ್ನೆ ಅವರಿಗೇನು ಹೊಸದಲ್ಲ. ಮಗ್ಗಗಳು ಖಟಖಟ ಬಡಿಯುವ ಶೆಡ್ಡಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ಕೈಯಿಂದ, ತುಟಿಯಿಂದಲೇ ಮಾತಾಡುವವರು. ಎಳೆ ಕಡಿಯಿತು, ಚಹಾ ಬಂತು, ಸೇಟಜಿ ಬಂದ, ಎಲ್ಲಕ್ಕೂ ಒಂದೊಂದು ಸನ್ನೆ. ಅತ್ತೆ ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು. ಗಂಡಹೆಂಡಿರ ಜಗಳವೂ ಕೈಯಲ್ಲೇ ಆಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಟಿಕೆಟಿಲ್ಲದ ಸಿನಿಮಾದಂತೆ ನೋಡುತ್ತಿದ್ದೆ. ಆದರೆ ಮಗ್ಗಗಳನ್ನೆಲ್ಲ ಮಾರಿ, ಗುಬ್ಬಿ ಸೀನಿದರೂ ಕೇಳಿಸುವಂಥ ತೋಟದಲ್ಲಿ ಕೂತು ಇದೇಕೆ? ತಲೆ ಕೆಟ್ಟಿದೆ ಎನ್ನದೆ ಬೇರೇನು ಹೇಳುವುದು!

ಮಧ್ಯಾಹ್ನದ ಊಟಕ್ಕೆ ನನ್ನವರಿಗೆ ಇನ್ನೊಂದು ಹೋಳಿಗೆ ಬೇಕಾಯಿತು. ಗಾಳಿಯಲ್ಲಿ ಬೆರಳಿಂದ ದುಂಡಗೆ ಬರೆದು ತೋರಿಸಿದರು. ಅತ್ತೆ ನಗುತ್ತ ಸಜ್ಜೆ ರೊಟ್ಟಿ ಹಾಕಿದಳು. ಅಲ್ಲ ಎಂದು ತಲೆಯಾಡಿಸಿ ಇನ್ನೂ ದೊಡ್ಡದಾಗಿ ಬರೆದರು. ಇನ್ನೂ ದೊಡ್ಡ ರೊಟ್ಟಿ ಬಂತು! ಮೂರನೆಯ ರೊಟ್ಟಿಗೆ ಮನುಷ್ಯನ ಸಹನೆ ಮುಗಿಯಿತು. "ಹೋಳಿಗಿರೀ ಅತ್ತಿ, ಹೋಳಿಗಿ!" ಎಂದು ಚೀರಿಯೇಬಿಟ್ಟರು. ಮಾವ ತಣ್ಣಗೆ ಹತ್ತು ಬೆರಳೆತ್ತಿ ತೋರಿಸಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾವ ಉಣ್ಣುವುದು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಸಂಜೆ ನಾವೆಲ್ಲ ಕೂತಿದ್ದಾಗ ನನ್ನವರ ಫೋನು ರಿಂಗಾಯಿತು. "ಹಲೋ" ಅಂದದ್ದೇ ತಡ, ಮತ್ತೆ ಹತ್ತು ಸಸಿ! ಆ ತೋಟದ ತೆಂಗು ಅಷ್ಟು ಸೊಂಪಾಗಿ ಬೆಳೆದಿರುವುದು ಗೊಬ್ಬರದಿಂದಲ್ಲ, ನೆಂಟರ ನಾಲಿಗೆಯಿಂದ ಎಂದು ನನಗೆ ಆಗ ಖಾತ್ರಿಯಾಯಿತು.

ಎರಡು ದಿನ ಹೀಗೇ ಕಳೆಯಿತು. ನಿಜ ಹೇಳಬೇಕೆಂದರೆ ಆರಾಮವೇ ಆಗಿತ್ತು. ಉಂಡೆ, ಜೋಲಿಯಲ್ಲಿ ಮಲಗಿದೆ, ಎದ್ದು ಮತ್ತೆ ಉಂಡೆ. ಗಂಡನ ಬಾಯಿ ಮುಚ್ಚಿದ್ದಂತೂ ಮದುವೆಯಾದ ಮೇಲೆ ನಾನು ಕಂಡ ಮೊದಲ ರಜೆ.

ಮೂರನೆಯ ದಿನ ಬೆಳಿಗ್ಗೆ ಸಾವಳಗಿಯಿಂದ ಮಾವನ ಕಡೆಯ ಆರು ಜನ ನೆಂಟರು ಜೀಪಿನಲ್ಲಿ ಬಂದಿಳಿದರು. ಮಾವ ಕಬ್ಬಿಗೆ ಮೋಟಾರು ಹಚ್ಚಲು ಹೋಗಿದ್ದರು. ಕಾಯಿದೆ ಹೇಳುವವರಿಲ್ಲ. ಪಡಸಾಲೆ ತುಂಬ ಮಾತೇ ಮಾತು! ಎರಡು ದಿನದ ಬಾಕಿಯನ್ನೆಲ್ಲ ನನ್ನವರು ಅರ್ಧ ತಾಸಿನಲ್ಲಿ ತೀರಿಸಿದರು. ನಾನೇನು ಕಡಿಮೆಯೇ?

ಅತ್ತೆ ಮೂಲೆಯ ಕುರ್ಚಿಯಲ್ಲಿದ್ದಳು. ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು. ಎಲ್ಲರೂ ನಕ್ಕಾಗ ನಗುತ್ತಿದ್ದಳು, ಆದರೆ ಒಂದು ಗಳಿಗೆ ತಡವಾಗಿ. ನೆಂಟರಲ್ಲಿ ಒಬ್ಬಾಕೆ ಪಕ್ಕಕ್ಕೆ ತಿರುಗಿ, "ಮೊಣಕಾಲ ನೋವು ಹೆಂಗೈತ್ರೀ ಅತ್ತಿ?" ಎಂದು ಕೇಳಿದಳು. ಅತ್ತೆ ಅದಕ್ಕೂ ಜೋರಾಗಿ ನಕ್ಕಳು. ಪಡಸಾಲೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಅತ್ತೆ ಎಲ್ಲರ ಮುಖ ನೋಡಿದಳು, ಖಾಲಿ ಕಪ್ಪುಗಳನ್ನು ತಟ್ಟೆಗಿಟ್ಟುಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಮಾವ ಕೆಸರುಗಾಲಲ್ಲೇ ಓಡಿಬಂದರು. "ಏಳ್ರಿ ಎಲ್ಲಾರೂ! ಹತ್ತತ್ತು ಸಸಿ! ನಡೀರಿ!"

"ಮಾಮಾಗ ಹುಚ್ಚು ಹಿಡದೈತಿ" ಎಂದು ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಕೊಡ ತೆಗೆದುಕೊಂಡು ಮಾವನ ಹಿಂದೆ ನಡೆದೆ.

"ಮಾಮಾ, ಅತ್ತಿಗೆ ಕೇಳ್ಸಂಗಿಲ್ಲೇನು?"

ಅವರು ಬಗ್ಗಿ ಸಸಿಯ ಬುಡ ಕೆದರುತ್ತಲೇ ಹೇಳಿದರು. "ಎರಡು ವರ್ಸಾತು. ಮಗ್ಗದ ಸಪ್ಪಳ ತಿಂದು ಹಾಕಿತು ಕಿವಿ. ಮಷಿನ್ ತಂದಿನಿ, ಹಾಕ್ಕೊಳ್ಳಾಕ ಒಲ್ಲಳು. ಒಬ್ಬರs ಇದ್ರ ತುಟಿ ನೋಡಿ ತಿಳ್ಕೊಂತಾಳ. ಮೂರು ಮಂದಿ ಕೂಡಿದ್ರ ಯಾರ ತುಟಿ ನೋಡ್ಯಾಳು? ನಿನ್ನ ಮಗಳ ಮದುವಿಗೆ ಬರಾಕ ಸೀರಿ ಉಟ್ಟು ನಿಂತಿದ್ಳು. ಮಂದಿ ನಕ್ಕಾಗ ನಾ ಎದಕ್ಕ ನಗಲಿ ಅಂತ ಹೇಳಿ ಉಟ್ಟ ಸೀರಿ ಬಿಚ್ಚಿ ಇಟ್ಳು."

ನಾನು ಕೊಡ ಕೆಳಗಿಟ್ಟೆ. ಸೊಕ್ಕು ಎಂದಿದ್ದೆನಲ್ಲ ನಾನು! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಮತ್ತ ಎಲ್ಲಾರಿಗೂ ಖರೆ ಹೇಳಬೇಕಿಲ್ಲೋ ಮಾಮಾ? ನಿಮಗ ಹುಚ್ಚ ಅಂತಾರ."

"ನನಗ ಹುಚ್ಚ ಅನ್ಲಿ ಬಿಡು. ಆಕಿಗೆ ಕಿವುಡಿ ಅನ್ನೂದು ಬ್ಯಾಡ."

ಮಧ್ಯಾಹ್ನ ಹತ್ತು ಜನ ಊಟಕ್ಕೆ ಕೂತೆವು. ಗೋವಾದ ದಂಡೆಯಲ್ಲಿ ತೆರೆಯೊಂದು ನನ್ನವರ ಚಪ್ಪಲಿ ಹೊತ್ತುಕೊಂಡು ಹೋದದ್ದು, ಅವರು ಪಂಚೆ ಎತ್ತಿಕೊಂಡು ಸಮುದ್ರವನ್ನೇ ಬೈಯುತ್ತ ಬೆನ್ನಟ್ಟಿದ್ದು, ಕೊನೆಗೆ ಹಿಡಿದು ತಂದದ್ದು ಯಾರದೋ ಹೆಂಗಸರ ಚಪ್ಪಲಿ, ಇಷ್ಟನ್ನೂ ನಾನು ಎದ್ದು ನಿಂತು, ಬಾಯಿ ಬಿಡದೆ, ಎರಡೂ ಕೈಯಲ್ಲಿ ಹೇಳಿದೆ. ಸಾವಳಗಿಯವರು ಇನ್ನೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು.

ಎಲ್ಲರಿಗಿಂತ ಮೊದಲು ಅತ್ತೆ ನಕ್ಕಳು.